ಬೂದಿಬಣ್ಣದ ಚಿಟ್ಟೆ, ಕಿತ್ತಳೆ ಪತಂಗ

"ಅಲುಗಬ್ಯಾಡ. ಉಸುರೂ ಬಿಡಬ್ಯಾಡ," ಎಂದೆ.

ನಿಸರ್ಗಾ ಉಸಿರು ಬಿಗಿಹಿಡಿದು ನಿಂತಳು. ಗಾಜಿನ ಮುಚ್ಚಳದ ಆ ಮರದ ಪೆಟ್ಟಿಗೆಯ ಮೇಲಿದ್ದ ನಮ್ಮ ವಿಮಾ ಕಂಪನಿಯ ಸೀಲನ್ನು ಆಗಷ್ಟೇ ಬ್ಲೇಡಿನಿಂದ ಸೀಳಿ ಮುಚ್ಚಳ ಎತ್ತಿದ್ದೆ. ಒಳಗೆ ಸಾಲುಸಾಲಾಗಿ ಸೂಜಿ ಚುಚ್ಚಿ ನಿಲ್ಲಿಸಿದ ಹುಳಗಳು ರೆಕ್ಕೆ ಬಿಡಿಸಿಕೊಂಡು ಕೂತಿದ್ದವು. ಮೊದಲ ಸಾಲಿನಲ್ಲಿ ಮಾತ್ರ ಅಕ್ಕಪಕ್ಕ ಎರಡು ಜಾಗ ಖಾಲಿ. ಯಾರಾದರೂ ಜೋರಾಗಿ ಸೀನಿದರೆ ನನಗೆ ಬೇಕಾದ ಸಾಕ್ಷಿಯೆಲ್ಲ ಗಾಳಿಗೆ ಹೋಗುತ್ತಿತ್ತು.

ಆಯುಧ ಪೂಜೆಯ ದಿನ ಮೆನ್ಲೋ ಪಾರ್ಕಿನ ಗುರುಕಿರಣನ ಕಂಪನಿಯಲ್ಲಿ ಬಂದವರಿಗೆ ತೋರಿಸಲೆಂದು ಇಟ್ಟಿದ್ದ ಪೆಟ್ಟಿಗೆ ಇದು. ಎಲ್ಲರೂ ಊಟ ಮುಗಿಸಿ ಬರುವಷ್ಟರಲ್ಲಿ ಎರಡು ಹುಳ ಮಾಯವಾಗಿದ್ದವು.

ಎರಡರಲ್ಲಿ ಒಂದರ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಇನ್ನೊಂದು, ಅಲಾಸ್ಕಾದ ಉತ್ತರದ ತುದಿಯಲ್ಲಿ, ನಿಸರ್ಗಾಳಿಗೆ ಮಾತ್ರ ಗೊತ್ತಿರುವ ಒಂದು ಬೆಟ್ಟದ ಮೇಲೆ ಸಿಕ್ಕ ಚಿಟ್ಟೆ. ಅದಕ್ಕೆ ಇನ್ನೂ ಹೆಸರೇ ಇಲ್ಲ. ಹೆಸರಿಡಬೇಕಾದವಳು ಇವಳೇ. ಕಳುವಿನ ಜೊತೆಗೆ ಅದರ ಫೋಟೋ ಸ್ಲೈಡುಗಳೂ ಇವಳ ಡ್ರಾಯರಿನಿಂದ ಕಾಣೆಯಾಗಿದ್ದವು. ಹಾಗಾಗಿ ಬರ್ಕ್ಲಿ ಗುಡ್ಡದ ಓಣಿಯ ಈ ಖಾಸಗಿ ಕೀಟ ಸಂಗ್ರಹಾಲಯದ ಮುಖ್ಯಸ್ಥ ವಾಸುದೇವ, ಅಂಥ ಚಿಟ್ಟೆ ಇತ್ತೆಂಬುದೇ ಕಟ್ಟುಕತೆ, ತಾನಂತೂ ಅದನ್ನು ನೋಡಿಲ್ಲ ಎಂದು ಬರೆದು ಕೊಟ್ಟಿದ್ದ. ಮಧ್ಯಾಹ್ನ ಮೂರಕ್ಕೆ ಇವಳ ವಿಚಾರಣೆಗೆ ಸಂಗ್ರಹಾಲಯದ ಸಮಿತಿ ಕೂರುವುದಿತ್ತು. ಅಷ್ಟರೊಳಗೆ ಚಿಟ್ಟೆ ಇತ್ತೆಂದು ತೋರಿಸದಿದ್ದರೆ ಮಂಡ್ಯದ ಈ ಹುಡುಗಿ ಸುಳ್ಳುಗಾತಿ. ಕೆಲಸ ಹೋಗುತ್ತದೆ, ಕೆಲಸದ ಬೆನ್ನಿಗೇ ವೀಸಾ ಹೋಗುತ್ತದೆ. ಸುಳ್ಳುಗಾತಿ ಎನ್ನಿಸಿಕೊಂಡವಳನ್ನು ಇನ್ನಾವ ಸಂಗ್ರಹಾಲಯವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ನಾನು ಶೀತಲ್, ಹುಬ್ಬಳ್ಳಿಯವಳು. ಸ್ಯಾನ್ ಹೊಸೆಯಲ್ಲಿ ವಿಮಾ ಕಂಪನಿಯ ತನಿಖೆಗಾರ್ತಿ. ಹೆಸರು ತಂಪಾಗಿದ್ದರೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ, ಹೇಳಲಿ. ನನಗೆ ಹುಳವೆಂದರೆ ಜೋಳಕ್ಕೆ ಬೀಳುವ ನುಸಿಯೊಂದೇ ಗೊತ್ತಿತ್ತು. ಆದರೆ ಕಳ್ಳರು ನನಗೆ ಚೆನ್ನಾಗಿ ಗೊತ್ತು.

ಭೂತಗನ್ನಡಿಯನ್ನು ಎಡಗಡೆಯ ಖಾಲಿ ಜಾಗದ ಮೇಲೆ ಹಿಡಿದೆ. ಕಿತ್ತಳೆ ಬಣ್ಣದ ಪುಡಿ ಚೆಲ್ಲಿತ್ತು. ಪುಡಿಯ ನಡುವೆ ಕೆಂಪು ಕಲೆ. ಪಕ್ಕದಲ್ಲಿ ಕೂದಲಿಗಿಂತ ಸಣ್ಣದಾದ, ಗರಿಯ ಹಾಗೆ ಎರಡೂ ಕಡೆ ಎಳೆಗಳಿದ್ದ ಕರಿಯ ಚೂರೊಂದು ಬಿದ್ದಿತ್ತು. ನಿಸರ್ಗಾ ಬಗ್ಗಿ ನೋಡಿ, ಅದು ಹುಳದ ಮೀಸೆ ಎಂದಳು. ಮುರಿದಿದೆ.

ಬಲಗಡೆಯ ಖಾಲಿ ಜಾಗದ ಮೇಲೆ ಕನ್ನಡಿ ಸರಿಸಿದೆ. ಅಲ್ಲಿ ಏನೂ ಇರಲಿಲ್ಲ. ಸೂಜಿ ಇದ್ದ ಒಂದು ತೂತು, ಅಷ್ಟೇ. ಪುಡಿಯಿಲ್ಲ, ಎಳೆಯಿಲ್ಲ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎತ್ತಿದ್ದರು.

ಇಷ್ಟು ದಿನ ಒಬ್ಬ ಕಳ್ಳನನ್ನು ಹುಡುಕುತ್ತ ಊರೆಲ್ಲ ಸುತ್ತಿದ್ದೆ, ನನ್ನ ಬುದ್ಧಿಗಿಷ್ಟು.

"ನಿಸರ್ಗಾ, ಇದು ಒಂದ ಕೈ ಕೆಲಸ ಅಲ್ಲ. ಎರಡು ಕೈ ಅದಾವ. ಒಂದು ಕೈಗೆ ಹುಳ ಹಿಡಿಯೂದು ಗೊತ್ತೈತಿ. ಇನ್ನೊಂದಕ್ಕ ಏನೂ ಗೊತ್ತಿಲ್ಲ."

ಅವಳು ಕುರ್ಚಿಯ ಮೇಲೆ ಕುಸಿದಳು. ಅವಳಿಗೂ ಅದು ಹೊಳೆದಿರಲಿಲ್ಲ, ಏಕೆಂದರೆ ಕಳುವಾದ ದಿನವೇ ಪೆಟ್ಟಿಗೆಗೆ ಸೀಲು ಬಿದ್ದಿತ್ತು. ಬಲ್ಲವರು ಸೂಜಿಯ ತಲೆ ಹಿಡಿದು ನೇರ ಎತ್ತುತ್ತಾರಂತೆ. ಎಡಗಡೆಯದನ್ನು ಎತ್ತಿದವನು ರೆಕ್ಕೆಗೇ ಕೈ ಹಾಕಿದ್ದಾನೆ. ರೆಕ್ಕೆಯ ಪುಡಿ ಬೆರಳಿಗೆ ಹತ್ತಿದೆ, ಮೀಸೆ ಮುರಿದಿದೆ.

ಎಡಗಡೆ ಏನಿತ್ತು ಎಂದು ಕೇಳಿದೆ.

"ಪತಂಗ, ಅಕ್ಕ. ಮಾಮೂಲಿದು. ಬಲಗಡೆ ಇದ್ದಿದ್ದೇ ನನ್ನ ಚಿಟ್ಟೆ."

ನನಗೆ ಅರ್ಥವಾಗಲಿಲ್ಲ. ಕಿತ್ತಳೆ ಪುಡಿ ಬಿದ್ದಿರುವುದು ಎಡಗಡೆ. ಚಿಟ್ಟೆಯಲ್ಲವೇ ಬಣ್ಣಬಣ್ಣವಾಗಿರಬೇಕಾದ್ದು? ಪತಂಗವೆಂದರೆ ದೀಪಕ್ಕೆ ಬಂದು ಬೀಳುವ ಮಣ್ಣುಬಣ್ಣದ ಹುಳ. ಚಿಕ್ಕ ಮಗುವಿಗೂ ಗೊತ್ತು.

ನಿಸರ್ಗಾ ಮೊದಲ ಬಾರಿ ನಕ್ಕಳು. ಚಳಿಯ ಸೀಮೆಯಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು ಎಂದಳು. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿಯೇ ಇಲ್ಲದ ಮೇಲೆ ಪತಂಗ ಯಾವ ರಾತ್ರಿ ಹಾರಬೇಕು? ಹಗಲಿನಲ್ಲೇ ಹಾರುತ್ತದೆ. ಕೆಲವಕ್ಕೆ ಕಿತ್ತಳೆ ರೆಕ್ಕೆ, ಕೆಲವಕ್ಕೆ ಹಳದಿ, ನೋಡಿದವರು ಚಿಟ್ಟೆ ಎಂದೇ ಅಂದುಕೊಳ್ಳಬೇಕು. ಅವಳ ಚಿಟ್ಟೆಯದೋ, ಬೂದಿಬಣ್ಣ. ಮಸಾಲೆಗೆ ಹಾಕುವ ಕಲ್ಲುಹೂವಿನ ಬಣ್ಣ. ಆ ಬೆಟ್ಟದ ಬಂಡೆಗಳ ಮೇಲೆಲ್ಲ ಅದೇ ಕಲ್ಲುಹೂವು. ರೆಕ್ಕೆ ಮಡಿಸಿ ಕೂತರೆ ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ.

ಮಾತಾಡುತ್ತ ಅವಳ ಕಣ್ಣು ಹೊಳೆಯತೊಡಗಿತು. ಪತಂಗ ಮೈತುಂಬ ಉಣ್ಣೆ ಹೊದ್ದುಕೊಂಡು ಹುಟ್ಟುತ್ತದೆ, ಬಿಸಿಲಿಲ್ಲದಿದ್ದರೆ ಮೈ ನಡುಗಿಸಿ ತಾನೇ ಬಿಸಿ ಮಾಡಿಕೊಂಡು ಹಾರುತ್ತದೆ. ಚಿಟ್ಟೆಗೆ ಆ ಶಕ್ತಿಯಿಲ್ಲ. ಅದಕ್ಕೆ ಬಿಸಿಲೇ ಬೇಕು. ಬಂಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ವಾಲಿಕೊಂಡು ಕೂರುತ್ತದೆ. ಒಂದು ಮೋಡ ಅಡ್ಡ ಬಂದರೆ ಸಾಕು, ಅಲ್ಲೇ ಕೆಳಗಿಳಿದುಬಿಡುತ್ತದೆ.

"ಬಣ್ಣ ನೋಡ್ಬೇಡಿ ಅಕ್ಕ, ಮೀಸೆ ನೋಡಿ. ಚಿಟ್ಟೆದು ತುದೀಲಿ ಗುಂಡಗಿರುತ್ತೆ, ಬೆಂಕಿಕಡ್ಡಿ ಥರ. ಈ ಪತಂಗದ್ದು ಗರಿ ಥರ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ. ಹೆಸರಿಲ್ಲದ ಅಪರೂಪದ ಚಿಟ್ಟೆಯನ್ನು ಕದಿಯಲು ಬಂದವನೊಬ್ಬ ಬಣ್ಣಕ್ಕೆ ಮರುಳಾಗಿ ಮಾಮೂಲಿ ಪತಂಗವನ್ನು ಎತ್ತಿಕೊಂಡು ಹೋಗಿದ್ದಾನೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಇನ್ನು ಆ ಕೆಂಪು ಕಲೆ. ಮೂಸಿದೆ, ಕುಂಕುಮ. ಮುಚ್ಚಳದ ಒಳಅಂಚಿನಲ್ಲೂ ಹೆಬ್ಬೆರಳಿನ ಒಂದು ಗುರುತಿತ್ತು, ಗೆರೆಗೆರೆಯೂ ಕಾಣುವ ಹಾಗೆ. ನೋಡಲು ಬಂದವರೆಲ್ಲ ಗಾಜಿನ ಹೊರಮೈ ಮುಟ್ಟಿದ್ದರು. ಒಳಗೆ ಬೆರಳಿಟ್ಟವನು ಇವನೊಬ್ಬನೇ.

ಪೆಟ್ಟಿಗೆಯ ಜೊತೆಗೇ ಸೀಲಾಗಿದ್ದ ನಿಸರ್ಗಾಳ ಸಾಮಾನಿನ ತಟ್ಟೆಯನ್ನು ಬಿಚ್ಚಿದೆ. ಅವಳ ಚಿಮುಟ, ಸೂಜಿಡಬ್ಬಿ, ಸಣ್ಣ ಕತ್ತರಿ. ಅವನ್ನೂ ಅವತ್ತು ಪೂಜೆಗೆ ಇಟ್ಟಿದ್ದಳು. ಒಂದೊಂದರ ಮೇಲೂ ಕುಂಕುಮದ ಬೊಟ್ಟು, ಒಣಗಿದ ಸೇವಂತಿಗೆಯ ಎಸಳು. ಬೊಟ್ಟು ಕದಡಿರಲಿಲ್ಲ, ಎಸಳು ಕದಲಿರಲಿಲ್ಲ.

ಪೆಟ್ಟಿಗೆಯ ಪಕ್ಕದಲ್ಲೇ ಚಿಮುಟ ಬಿದ್ದಿದೆ. ಆದರೂ ಒಬ್ಬ ಕಳ್ಳ ಬರಿಗೈ ಹಾಕಿದ್ದಾನೆ. ಯಾಕೆ? ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಈ ನೇಮ ಗೊತ್ತಿಲ್ಲದ ಅಮೆರಿಕದವನಾಗಿದ್ದರೆ ಚಿಮುಟ ಎತ್ತಿಕೊಂಡು ಸಲೀಸಾಗಿ ಕೆಲಸ ಮುಗಿಸಿರುತ್ತಿದ್ದ.

"ನಮ್ಮಾವನ," ಎಂದೆ. "ಕಳ್ಳತನಕ್ಕ ಅಂಜಲಿಲ್ಲ, ಪೂಜೆಗಿಟ್ಟ ಚಿಮುಟಾ ಮುಟ್ಟಾಕ ಅಂಜ್ಯಾನ."

ಚಿಟ್ಟೆ ಎತ್ತಿದ ಎರಡನೆಯ ಕೈಗೆ ಚಿಮುಟವೇ ಬೇಕಿರಲಿಲ್ಲ. ಅದು ಬಲ್ಲವರ ಕೈ. ಅದರ ವಿಚಾರ ಆಮೇಲೆ. ಮೊದಲು ಕುಂಕುಮದ ಹೆಬ್ಬೆರಳು ಬೇಕು.

ಅವತ್ತು ಪುರೋಹಿತರು ಸಿಗದೆ ಟೇಪಿನಲ್ಲಿ ಮಂತ್ರ ಹಾಕಿ ಪೂಜೆ ಮಾಡಿದ್ದರು. ಹಸಿ ಕುಂಕುಮ ಕಲಸಿಕೊಂಡು ಸರ್ವರ್ ಕಂಪ್ಯೂಟರಿಗೂ, ಪ್ರಿಂಟರಿಗೂ, ಕಾಫಿ ಮಷಿನ್ನಿಗೂ ತನ್ನ ಕೈಯಾರೆ ಬೊಟ್ಟಿಟ್ಟವನು ಒಬ್ಬನೇ. ಮನೆಯ ಯಜಮಾನ ನಿಂತ ಹಾಗೆ ನಿಂತಿದ್ದ ಗುರುಕಿರಣ್.

ಕಾರಿನ ಕೀಲಿ ಎತ್ತಿಕೊಂಡೆ. ಮೂರರೊಳಗೆ ಬರುತ್ತೇನೆ, ಸಮಿತಿಯ ಮುಂದೆ ನಾನು ಬರುವ ತನಕ ತುಟಿ ಬಿಚ್ಚಬೇಡ ಎಂದು ನಿಸರ್ಗಾಳಿಗೆ ತಾಕೀತು ಮಾಡಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅಂಗೈ ತಣ್ಣಗಿತ್ತು.

ಫ್ರೀವೇಯಲ್ಲಿ ನನ್ನ ಹಳೆಯ ಕೊರೊಲ್ಲಾ ಕೆಮ್ಮುತ್ತ ಓಡಿತು. ದಾರಿಯುದ್ದಕ್ಕೂ ದೊಡ್ಡ ಬೋರ್ಡುಗಳು, ಎಲ್ಲದರ ಬಾಲಕ್ಕೂ ಡಾಟ್‌ಕಾಮ್. ನಾಯಿಯ ಬಿಸ್ಕತ್ತಿಗೊಂದು, ಹಳೆಯ ಕುರ್ಚಿಗೊಂದು. ಹೊಸ ಕಾರಿನ ಹುಡುಗನೊಬ್ಬ ಸೆಲ್‌ಫೋನಿನಲ್ಲಿ ಮಾತಾಡುತ್ತ ನನ್ನ ಮುಂದೆ ನುಗ್ಗಿದ, ಹುಬ್ಬಳ್ಳಿಯ ಬೈಗುಳದಲ್ಲಿ ನನಗೆ ಬರುವುದನ್ನೆಲ್ಲ ಅವನಿಗೆ ಅರ್ಪಿಸಿದೆ. ಡಂಬಾರ್ಟನ್ ಸೇತುವೆ ಹತ್ತಿದಾಗ ಎರಡೂ ಕಡೆ ನೀರು ಫಳಫಳ ಹೊಳೆಯುತ್ತಿತ್ತು. ನನ್ನೊಳಗೂ ಹಾಗೇ ಆಗಿತ್ತು. ಕೇಸು ಬಿಚ್ಚಿಕೊಳ್ಳುವ ಹೊತ್ತಿನ ಈ ಸುಖ ಸೀರೆ ಒಡವೆಯಲ್ಲಿ ಇಲ್ಲ.

ಗುರುಕಿರಣನ ಕಂಪನಿ ಸಂಗ್ರಾಹಕರಿಗೆ ಅಪರೂಪದ ವಸ್ತುಗಳನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತದೆ, ಅಥವಾ ಮುಂದೆ ಮಾರುತ್ತದಂತೆ. ಇನ್ನೂ ಒಂದು ಅಂಚೆಚೀಟಿಯನ್ನೂ ಮಾರಿಲ್ಲ. ಆದರೆ ಆಫೀಸಿನಲ್ಲಿ ಟೇಬಲ್ ಫುಟ್‌ಬಾಲು, ಉಚಿತ ಸೋಡಾ, ಓಡಾಡಲು ಸ್ಕೂಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಿಸರ್ಗಾಳ ಉತ್ತರದ ಪ್ರಯಾಣಕ್ಕೆ ಸಹಾಯ ಮಾಡಿದ್ದವನು ಇವನೇ, ಆ ಋಣಕ್ಕೇ ಅವಳು ಪೆಟ್ಟಿಗೆಯನ್ನು ಪೂಜೆಗೆ ತಂದಿದ್ದಳು.

ಅವನು ಹಾಸನದ ಕಡೆಯವನು, ಮಾತು ಮೃದು. ಕಾಫಿ ತರಿಸುತ್ತೇನೆ ಎಂದ. ಬೇಡವೆಂದು ಬಾಗಿಲು ಹಾಕಿದೆ. ಪೆಟ್ಟಿಗೆಯ ಒಳಗಡೆ ಕುಂಕುಮದಲ್ಲಿ ಒಂದು ಹೆಬ್ಬೆರಳ ಗುರುತು ಸಿಕ್ಕಿದೆ ಎಂದಷ್ಟೇ ಹೇಳಿದೆ. ಯಾರದೆಂದು ಹೇಳಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಕೈ ಮ್ಯಾಲೆ ಇಡ್ರಿ," ಎಂದೆ. "ನಾ ನೋಡೇನಿ."

"ಮೇಡಂ, ಅವತ್ತು ಎಲ್ರ ಕೈಲೂ ಕುಂಕುಮ ಇತ್ತು."

"ಒಣಾ ಕುಂಕುಮ ಇತ್ತು. ಹಸೀದು ನಿಮ್ಮ ಕೈಯಾಗ ಮಾತ್ರ ಇತ್ತು. ಪೊಲೀಸರನ ಕರೀಲೇನು, ನೀವ ಹೇಳ್ತೀರೇನು?"

ಅವನು ಕಿಟಕಿಯಾಚೆ ನೋಡಿದ. ಹೊರಗೆ ಅವನ ಹುಡುಗರು ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಪೊಲೀಸು ಎಂಬ ಶಬ್ದ ಪೇಪರಿನಲ್ಲಿ ಬಂದರೆ ಈ ಕಂಪನಿ ಶೇರು ಮಾರುಕಟ್ಟೆಯ ಮೆಟ್ಟಿಲನ್ನೂ ಹತ್ತುವುದಿಲ್ಲ, ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಗೆ ಡ್ರಾಯರಿನ ಬೀಗ ತೆಗೆದು, ಮಖಮಲ್ಲಿನ ಒಂದು ಬಳೆಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನನ್ನ ಮುಂದಿಟ್ಟ. ಹೆಂಡತಿಯದಿರಬೇಕು.

"ಚಿಟ್ಟೆ ಚೆನ್ನಾಗೇ ಇದೆ ಮೇಡಂ. ಸ್ವಲ್ಪ ಪುಡಿ ಉದುರ್ತು, ಅಷ್ಟೇ. ನಾನು ಕಳ್ಳ ಅಲ್ಲ."

ತೆರೆದೆ. ಮೇಲಿನ ರೆಕ್ಕೆ ಕಪ್ಪು, ಅದರ ಮೇಲೆ ಕೆನೆಬಣ್ಣದ ಪಟ್ಟೆ. ಕೆಳಗಿನ ರೆಕ್ಕೆ ಕಿತ್ತಳೆ. ಮೈಮೇಲೆ ಕಂಬಳಿಯಂಥ ಉಣ್ಣೆ. ಒಂದು ಕಡೆಯ ಮೀಸೆ ಅರ್ಧಕ್ಕೆ ಮುರಿದಿತ್ತು, ಉಳಿದದ್ದು ಗರಿಯ ಹಾಗಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ. ನಗು ಬಂದಷ್ಟೇ ಸಿಟ್ಟೂ ಬಂತು.

"ಇದು ಪತಂಗ ರೀ. ಮಾಮೂಲಿ ಪತಂಗ."

"ಹೆಂಗೆ ಮೇಡಂ? ಇಷ್ಟು ಚೆನ್ನಾಗಿದೆಯಲ್ಲ?"

ಆ ಮುಖ ನೋಡಬೇಕಿತ್ತು. ಗಂಟೆಯ ಹಿಂದೆ ನಾನೂ ಅದೇ ಪ್ರಶ್ನೆ ಕೇಳಿದ್ದೆ, ಅದನ್ನು ಅವನಿಗೆ ಹೇಳುವ ಅಗತ್ಯ ಕಾಣಲಿಲ್ಲ. ಮೀಸೆ ತೋರಿಸಿ, ನಿಸರ್ಗಾ ಹೇಳಿದ್ದನ್ನೆಲ್ಲ ನಾನೇ ಹುಟ್ಟಿನಿಂದ ಬಲ್ಲವಳ ಹಾಗೆ ಹೇಳಿದೆ. ಬೂದಿಬಣ್ಣದ್ದೇ ಚಿಟ್ಟೆ ಎಂದು ಕೇಳಿ ಅವನು ತಲೆ ಮೇಲೆ ಕೈ ಹೊತ್ತು ಕೂತ.

ಹಾಗಾದರೆ ಆ ಬೂದಿಬಣ್ಣದ್ದು ಎಲ್ಲಿ ಎಂದು ಕೇಳಿದೆ. ಅವನು ತಾಯಾಣೆ ಇಟ್ಟು ಹೇಳಿದ: ಬೂದುಗುಂಬಳ ಒಡೆಯಲು, ಕಾರುಗಳ ಚಕ್ರಕ್ಕೆ ನಿಂಬೆಹಣ್ಣು ಇಡಲು ಎಲ್ಲರೂ ಪಾರ್ಕಿಂಗಿಗೆ ಹೋಗಿದ್ದರು. ಅದು ಮುಗಿದು ಎಲ್ಲರೂ ಊಟದ ಹಾಲಿಗೆ ನುಗ್ಗಿದಾಗ ಇವನು ಒಳಗೆ ಬಂದ. ಪೆಟ್ಟಿಗೆ ತೆರೆದಾಗ ಕಿತ್ತಳೆಯ ಪಕ್ಕದಲ್ಲಿ ಬರಿಯ ತೂತಿತ್ತು.

"ಬೆಳಿಗ್ಗೆ ಅಲ್ಲಿ ಏನೋ ಇತ್ತಲ್ಲ ಅಂತ ನಂಗೂ ಅನ್ನಿಸ್ತು. ಫೋಟೋದಲ್ಲೂ ಇದೆ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಯಾವ ಫೋಟೋ?

ಪೂಜೆಗೆ ಮೊದಲು ವೆಬ್‌ಸೈಟಿಗೆ ಬೇಕೆಂದು, ಫ್ಲಾಪಿ ಹಾಕುವ ಅವನ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ, ಮೊದಲ ಸಾಲನ್ನು ಹತ್ತಿರದಿಂದ ಒಂದು ಫೋಟೋ ತೆಗೆದಿದ್ದನಂತೆ. ಕೇಳಿದವರು ಯಾರು, ಹೇಳುವುದಕ್ಕೆ ಎಂದ. ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಪ್ರಿಂಟರು ಗುಂಯ್ ಎಂದು ಒಂದೊಂದೇ ಗೆರೆ ಉಗುಳಿತು. ಅದರ ನೆತ್ತಿಯ ಮೇಲೆ ಇನ್ನೂ ಕುಂಕುಮವಿತ್ತು.

ಎಡಗಡೆ ಕಿತ್ತಳೆ ಪತಂಗ. ಬಲಗಡೆ ಕಲ್ಲುಹೂವಿನ ಬಣ್ಣದ ಚಿಟ್ಟೆ. ಕನ್ನಡಿ ಹಿಡಿದೆ. ಮೀಸೆಯ ತುದಿ ಗುಂಡಗಿತ್ತು.

ಇತ್ತು! ಚಿಟ್ಟೆ ಇತ್ತು. ಹುಡುಗಿ ಸುಳ್ಳು ಹೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದುಕೊಂಡೆ.

ಊಟಕ್ಕೆ ಮೊದಲು ಯಾರು ಹೊರಟುಹೋದರು ಎಂದು ಕೇಳಿದೆ. ಗುರುಕಿರಣ್ ಯೋಚಿಸಿ, ವಾಸುದೇವ್ ಸರ್ ಒಬ್ಬರೇ, ಒಬ್ಬಟ್ಟು ಬಡಿಸುವ ತನಕವೂ ಕಾಯಲಿಲ್ಲ ಎಂದ. ಬಿಸಿ ಒಬ್ಬಟ್ಟನ್ನು ಬಿಟ್ಟುಹೋಗುವ ಕನ್ನಡಿಗನನ್ನು ನಾನು ಈ ದೇಶದಲ್ಲಿ ಕಂಡಿಲ್ಲ. ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಇಷ್ಟಕ್ಕೂ ಕದ್ದದ್ದು ಯಾಕೆ ಎಂದು ಕೇಳಿದಾಗ ಅವನು ಸ್ವಲ್ಪ ಉತ್ಸಾಹದಿಂದಲೇ ಹೇಳಿದ. ಪೂರ್ವ ಕರಾವಳಿಯ ದೊಡ್ಡ ಸಂಗ್ರಾಹಕನೊಬ್ಬ ಇವನ ಕಂಪನಿಯಲ್ಲಿ ಹಣ ಹೂಡುವವನಿದ್ದಾನೆ. ಅವನಿಗೆ ಕಾಣಿಕೆ ಕೊಡಲು ಈ ಚಿಟ್ಟೆ. ಆದರೆ ಅವನಿಗೆ ಒಂದು ಸಾಲದು. ಜಗತ್ತಿನ ಸಂಗ್ರಾಹಕರೆಲ್ಲ ಇದಕ್ಕೆ ಸಾಲುಗಟ್ಟುತ್ತಾರೆ, ಸಿಕ್ಕಷ್ಟೂ ಬೇಕು ಎಂದಿದ್ದಾನೆ. ಚಿಟ್ಟೆ ನಿಜವೆಂದು ರುಜುವಾದ ಕೂಡಲೇ ಬೆಟ್ಟದ ಹೆಸರು ಹೇಗೂ ಹೊರಗೆ ಬರುತ್ತದೆ. ಮುಂದಿನ ಬೇಸಿಗೆಗೆ ಸಣ್ಣ ವಿಮಾನವೊಂದನ್ನು ಈಗಲೇ ಗೊತ್ತು ಮಾಡಿಟ್ಟಿದ್ದಾನೆ, ಬಲೆ ಹಿಡಿಯುವ ಆಳುಗಳ ಸಮೇತ.

"ಚಿಟ್ಟೆ ತಾನೆ ಮೇಡಂ, ಮತ್ತೆ ಹುಟ್ಟುತ್ತೆ."

ನನಗೆ ಅವನ ವ್ಯಾಪಾರದ ಮಾತು ಕೇಳುವ ವ್ಯವಧಾನವಿರಲಿಲ್ಲ. ಅವನ ಮೇಜಿನ ಫೋನೆತ್ತಿ ನಿಸರ್ಗಾಳಿಗೆ ಮಾಡಿದೆ. ಉಸಿರು ಬಿಡದೆ ಎಲ್ಲ ಒದರಿದೆ: ಪತಂಗ ಸಿಕ್ಕಿತು, ಕಳ್ಳ ಒಪ್ಪಿಕೊಂಡ, ಫೋಟೋ ಇದೆ, ನೀನು ಗೆದ್ದೆ. ಆ ಸಂಗ್ರಾಹಕನ ವಿಮಾನ, ಬಲೆ, ಆಳು, ಇವರ ಮೂರ್ಖತನ ನೋಡು ಎಂದು ಅದನ್ನೂ ಹೇಳಿ ನಕ್ಕೆ.

ಆ ಕಡೆಯಿಂದ ಅವಳು ಒಂದೇ ಮಾತು ಕೇಳಿದಳು.

"ಪ್ಲೇನ್ ಗೊತ್ತು ಮಾಡಿರೋದು ನಿಜಾನಾ, ಅಕ್ಕ?"

ನಿಜವಂತೆ, ಈಗ ಅದೆಲ್ಲ ಯಾಕೆ, ಬಂದೆ ತಡಿ ಎಂದು ಫೋನಿಟ್ಟೆ. ಸಂತೋಷಕ್ಕೆ ಬಾಯಿ ಬಾರದೆ ಹಾಗೆ ಕೇಳಿದಳೆಂದುಕೊಂಡೆ. ಕಿವಿ ಇದ್ದೂ ಕಿವುಡಿ ನಾನು.

ಗುರುಕಿರಣನನ್ನು ನನ್ನ ಕಾರಿನಲ್ಲೇ ಕೂರಿಸಿಕೊಂಡು ಹೊರಟೆ. ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಿದರೆ ಪೊಲೀಸರ ವಿಚಾರ ನೋಡೋಣ ಎಂದಿದ್ದೆ. ಅವನು ತೊಡೆಯ ಮೇಲೆ ಬಳೆಪೆಟ್ಟಿಗೆ ಇಟ್ಟುಕೊಂಡು, ದಾರಿಯುದ್ದಕ್ಕೂ ತಾನು ನಿಸರ್ಗಾಳಿಗೆ ಕೆಟ್ಟದ್ದು ಬಯಸಿಲ್ಲವೆಂದು ಹೇಳುತ್ತ ಬಂದ. ಈಗಲಾದರೂ ಏನಾದರೂ ಸಹಾಯ ಮಾಡಬೇಕು ಎಂದ. ನಾನು ವೇಗ ಹೆಚ್ಚಿಸಿದೆ.

ನಾವು ಸಂಗ್ರಹಾಲಯ ಮುಟ್ಟುವಾಗ ಸಮಿತಿ ಕೂತಾಗಿತ್ತು. ಮೆಟ್ಟಿಲನ್ನು ಎರಡೆರಡಾಗಿ ಹಾರಿದೆ. ಉದ್ದನೆಯ ಮೇಜಿನ ಆ ಕಡೆ ವಾಸುದೇವ, ಅವನ ಎರಡೂ ಪಕ್ಕ ಒಬ್ಬೊಬ್ಬ ಅಮೆರಿಕದ ಪ್ರೊಫೆಸರು. ಈ ಕಡೆ ನಿಸರ್ಗಾ ಒಬ್ಬಳೇ ನಿಂತಿದ್ದಳು.

ಕೇಳುವ ಮೊದಲೇ ಇಂಗ್ಲಿಷಿನಲ್ಲಿ ಶುರುಮಾಡಿದೆ. ಪತಂಗವನ್ನು ಮೇಜಿನ ಮೇಲಿಟ್ಟೆ. ಕಳುವು ನಿಜ, ಕದ್ದವರಲ್ಲಿ ಒಬ್ಬ ಇಲ್ಲೇ ಇದ್ದಾನೆ ಎಂದು ಗುರುಕಿರಣನನ್ನು ಮುಂದೆ ತಳ್ಳಿದೆ. ಅವನು ತಲೆತಗ್ಗಿಸಿ ಹೌದೆಂದ. ಪ್ರೊಫೆಸರುಗಳು ಮುಂದಕ್ಕೆ ಬಾಗಿದರು. ವಾಸುದೇವನ ಹಣೆಯಲ್ಲಿ ಬೆವರು ಮೂಡಿತ್ತು. ಇನ್ನು ಕೊನೆಯ ಏಟು. ಚೀಲದಿಂದ ಫೋಟೋದ ಹಾಳೆ ಎಳೆದೆ.

ಅಷ್ಟರಲ್ಲಿ ನಿಸರ್ಗಾ ಮಾತಾಡಿದಳು. ದನಿ ಸ್ವಲ್ಪವೂ ನಡುಗಲಿಲ್ಲ.

ಕಳುವಾದದ್ದು ಆ ಪತಂಗ ಒಂದೇ ಎಂದಳು. ಪಕ್ಕದ ಜಾಗ ಮೊದಲಿನಿಂದಲೂ ಖಾಲಿ. ಹೆಸರಿಲ್ಲದ ಚಿಟ್ಟೆ ಯಾವತ್ತೂ ಇರಲಿಲ್ಲ, ತಾನೇ ಸುಳ್ಳು ಹೇಳಿದ್ದು, ರಾಜೀನಾಮೆ ಕೊಡುತ್ತಿದ್ದೇನೆ.

ನನಗೆ ಕಿವಿಯೇ ಕೆಟ್ಟಿತೇನೋ ಅನ್ನಿಸಿತು. ಅವಳ ತೋಳು ಹಿಡಿದು ಮೂಲೆಗೆ ಎಳೆದೆ. ತಲಿ ಕೆಟ್ಟೈತೇನು ಎಂದು ಬೈದೆ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಚಿಟ್ಟೆ ಇತ್ತು ಅಂತಾದ್ರೆ ಸಿಕ್ಕಿದ ಜಾಗ ಬರೀಲೇಬೇಕು ಅಕ್ಕ. ಬರೀದೆ ಹೆಸರಿಡೋ ಹಾಗಿಲ್ಲ. ಅದು ಇರೋದು ಅದೊಂದೇ ಬೆಟ್ಟದಲ್ಲಿ. ಅದರ ಮರಿಹುಳ ದೊಡ್ಡದಾಗೋಕೆ ಎರಡು ಚಳಿಗಾಲ ಹೆಪ್ಪುಗಟ್ಟಿ ಬದುಕ್ಬೇಕು. ಒಂದು ಪ್ಲೇನ್ ಸಾಕು. ಮತ್ತೆ ಹುಟ್ಟಲ್ಲ."

"ಮತ್ತ ನೀನು? ನಿನ್ನ ಹೆಸರು?"

"ಹೋಗ್ಲಿ."

ಅವಳು ಅಳಲಿಲ್ಲ. ನಾನು ಅತ್ತೆ. ಆ ವಿಮಾನದ ಸುದ್ದಿಯನ್ನು ನಗುನಗುತ್ತ ಅವಳ ಕಿವಿಗೆ ಹಾಕಿದವಳು ನಾನೇ. ಅವಳ ಹೆಸರನ್ನು ಉಳಿಸುವ ಹಾಳೆ ನನ್ನ ಕೈಯಲ್ಲಿತ್ತು. ಅದನ್ನು ತೋರಿಸಿದರೆ ಅವಳು ಉಳಿಯುತ್ತಾಳೆ, ಬೆಟ್ಟ ಬರಿದಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಏನಮ್ಮಾ ಅದು ಕೈಯಲ್ಲಿ? ಇಲ್ಲಿ ಕೊಡಿ," ಎಂದು ವಾಸುದೇವ ಕೈ ಚಾಚಿದ.

ಏನಿಲ್ಲ, ಪೆಟ್ರೋಲಿನ ರಸೀತಿ ಎಂದು ಹಾಳೆಯನ್ನು ಮಡಿಸತೊಡಗಿದೆ.

ಆಗ ನನ್ನ ಹಿಂದಿನಿಂದ ಗುರುಕಿರಣ್ ಮುಂದೆ ಬಂದ. ಏನಾದರೂ ಸಹಾಯ ಮಾಡಬೇಕೆಂದು ದಾರಿಯುದ್ದಕ್ಕೂ ಹೇಳಿದ್ದವನು. ಪ್ರೊಫೆಸರುಗಳಿಗೆ ತಿಳಿಯಲೆಂದು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲೇ ಹೇಳಿದ: ನಿಸರ್ಗಾ ಹೆದರಿ ಹೀಗೆ ಹೇಳುತ್ತಿದ್ದಾರೆ, ಚಿಟ್ಟೆ ಇತ್ತು, ಆ ಹಾಳೆಯಲ್ಲಿರುವುದು ಅದರದೇ ಫೋಟೋ.

ಆಮೇಲೆ ವಾಸುದೇವನ ಕಡೆ ತಿರುಗಿ, ತನಗೊಬ್ಬ ಸಾಕ್ಷಿ ಸಿಕ್ಕಿದ ಸಂತೋಷದಲ್ಲಿ ಕನ್ನಡಕ್ಕೆ ಇಳಿದ.

"ನೀವೇ ಹೇಳಿ ಸಾರ್. ಅವತ್ತು ಮಂಗಳಾರತಿಗೆ ಮುಂಚೆ ಇದರದ್ದೊಂದು ಪ್ರಿಂಟು ನನ್ನ ಹತ್ರ ಕೇಳಿ ತಗೊಂಡ್ರಲ್ಲ?"

ನಿಸರ್ಗಾ ಕಣ್ಣು ಮುಚ್ಚಿಕೊಂಡಳು. ಚಿಟ್ಟೆಯನ್ನೇ ನೋಡಿಲ್ಲವೆಂದು ಬರೆದು ಕೊಟ್ಟಿದ್ದ ವಾಸುದೇವ ಚಾಚಿದ್ದ ಕೈ ಚಾಚಿದ ಹಾಗೇ ಇತ್ತು.